ಹುಬ್ಬು ಗಂಟಿಕ್ಕದ ಪತ್ರ

ಮಾರ್ಚ್ 3, ಸೋಮವಾರ

ಇವತ್ತು ನಾಲ್ಕು ಪತ್ರ. ಮೂರು ಸಲೀಸು. ನಾಲ್ಕನೆಯದು ಈಜುಕೊಳದ್ದು. ಕಟ್ಟಡ ತಪಾಸಣೆಗೆ ಹೋಗುವ ನಮ್ಮ ಏಣಿಯಣ್ಣ — ಸದಾ ಏಣಿಯ ಮೇಲೇ ಇರುವುದರಿಂದ ಆ ಹೆಸರು — ಎಂದಿನಂತೆ ಕಡ್ಡಿ ಮುರಿದ ಹಾಗೆ ಬರೆದಿದ್ದಾರೆ: "ಸೀಲಿಂಗ್ ಹಿಡಿದಿರುವ ಕಂಬಿಗಳನ್ನು ತುಕ್ಕು ತಿಂದಿದೆ. ಎರಡು ತುಂಡಾಗಿವೆ. ಕೊಳ ಮುಚ್ಚಿ." ಗಿರಾಕಿಗೆ ನಾನು ತಿದ್ದಿ ಬರೆದದ್ದು: "ಚಾವಣಿಯ ಕೆಲವೆಡೆ ತೇವಾಂಶದ ಪರಿಣಾಮ ಕಂಡುಬಂದಿದ್ದು, ಮುಂದಿನ ವಾರ್ಷಿಕ ದುರಸ್ತಿಯ ವೇಳೆ ಗಮನಿಸುವುದು ಸೂಕ್ತ."

ಆಮೇಲೆ ಹುಬ್ಬು ಪರೀಕ್ಷೆ. ರಿಸೆಪ್ಶನ್ ಹುಡುಗಿ ಕಣ್ಣು ಮುಚ್ಚಿ ಕೂರುತ್ತಾಳೆ, ನಾನು ಓದುತ್ತೇನೆ. ಹುಬ್ಬು ಗಂಟಿಕ್ಕಿದರೆ ಮತ್ತೆ ಬರೆಯಬೇಕು. ಬಾಸ್ ಮಾಡಿದ ನಿಯಮ — ಗಿರಾಕಿ ಗಾಬರಿಯಾದರೆ ಬೇರೆ ಕಂಪನಿಗೆ ಹೋಗುತ್ತಾನಂತೆ. ಇವತ್ತು ಅವಳು ತೂಕಡಿಸಿಯೇ ಬಿಟ್ಟಳು. ಬಾಸ್‌ಗೆ ಖುಷಿಯೋ ಖುಷಿ. "ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬರೀತೀರಮ್ಮ." ಏಣಿಯಣ್ಣ ಮಾತ್ರ, "ನಾನು ಬರೆದದ್ದು ಎಲ್ಲಿ ಹೋಯ್ತು?" ಎಂದರು. ಒಳಗೇ ಇದೆ, ಮೆತ್ತಗಿದೆ ಅಷ್ಟೇ ಎಂದೆ. ಅವರು ನಗಲಿಲ್ಲ.

ಮಾರ್ಚ್ 7, ಶುಕ್ರವಾರ

ಅತ್ತೆ ನೀರಿಗಿಳಿದರು. ಮಂಡಿನೋವಿಗೆ ನೀರಲ್ಲಿ ನಡೆಯಿರಿ ಎಂದು ಡಾಕ್ಟರ್ ಹೇಳಿದ್ದೇ ತಡ, ಪಕ್ಕದ ಮನೆಯಾಕೆಯ ಜೊತೆ ಎಲ್ಲೋ ಕ್ಲಾಸಿಗೆ ಸೇರಿಕೊಂಡಿದ್ದಾರೆ. ಮಂಗಳವಾರ, ಶುಕ್ರವಾರ, ಬೆಳಿಗ್ಗೆ ಹತ್ತಕ್ಕೆ. ಒಟ್ಟು ಹನ್ನೊಂದು ಹೆಂಗಸರು. ನೀಲಿ ರಬ್ಬರ್ ಟೋಪಿಯನ್ನು ಅಡುಗೆಮನೆಯಲ್ಲೇ ಹಾಕಿಕೊಂಡು ತೋರಿಸಿದರು. "ಮೊಟ್ಟೆ ಥರ ಕಾಣ್ತೀನಾ?" ನಮ್ಮವರು ನಕ್ಕೂ ನಕ್ಕೂ ಸುಸ್ತು. ಅರವತ್ತೆಂಟಕ್ಕೆ ಎಂಥ ಹುರುಪು.

ಮಾರ್ಚ್ 14, ಶುಕ್ರವಾರ

ಊಟದ ಹೊತ್ತಿಗೆ ಅತ್ತೆ ಹೇಳಿದ್ದು. ಇವತ್ತು ಸೀಲಿಂಗಿನಿಂದ ಒಂದು ಬೋಲ್ಟು ನೀರಿಗೆ ಬಿತ್ತಂತೆ. ಹೆಂಗಸರು ಇಳಿಯಲು ಹಿಂದೆಮುಂದೆ ನೋಡಿದರಂತೆ. ಮ್ಯಾನೇಜರ್ ಗೋಡೆಗೆ ಅಂಟಿಸಿದ್ದ ತಪಾಸಣೆ ಪತ್ರ ತೋರಿಸಿದನಂತೆ.

"ಕೆಳಗೆ ನೋಡಿದ್ರೆ ನಿನ್ನ ಸಹಿ ಕಣಮ್ಮ. ನನ್ನ ಸೊಸೆ ಬರೆದದ್ದು, ಅವಳು ಸುಳ್ಳು ಬರೆಯೋಳಲ್ಲ ಅಂದೆ. ಎಲ್ಲರೂ ಇಳಿದ್ರು."

ತಟ್ಟೆ ಬಿಟ್ಟು ಎದ್ದೆ. ಸುಳ್ಳು ಬರೆದಿಲ್ಲ... ತೇವಾಂಶ ನಿಜ, ಪರಿಣಾಮ ನಿಜ, ಒಂದೊಂದು ಪದವೂ ನಿಜ. ಆದರೂ ತುಂಬ ಭಯವಾಗುತ್ತಿದೆ.

ಮಾರ್ಚ್ 17, ಸೋಮವಾರ

ಬಾಸ್ ಹತ್ತಿರ ಹೋದೆ. ಇನ್ನೊಂದು ಪತ್ರ ಕಳಿಸೋಣ ಸರ್ ಎಂದೆ. "ಈಗ ಕಳಿಸಿದ್ರೆ ಮೊದಲನೇದು ತಪ್ಪು ಅಂತ ನಾವೇ ಒಪ್ಪಿಕೊಂಡ ಹಾಗೆ ಅಲ್ವೇನಮ್ಮ? ಸುಮ್ಮನೆ ಯಾಕೆ ತಲೆ ಕೆಡಿಸ್ಕೋತೀರಿ."

ಏಣಿಯಣ್ಣ ಮೆಟ್ಟಿಲ ಬಳಿ ಸಿಕ್ಕರು. ಅವರೇ ಮ್ಯಾನೇಜರ್‌ಗೆ ಫೋನ್ ಮಾಡಿದ್ದರಂತೆ. "ನಿಮ್ಮ ಪತ್ರಾನೇ ನಂಗೆ ಓದಿ ಹೇಳಿದ. ವಾರ್ಷಿಕ ದುರಸ್ತಿಗೆ ನೋಡಿದ್ರೆ ಸಾಕು ಅಂತ ನಿಮ್ಮ ಆಫೀಸೇ ಬರೆದಿದೆಯಲ್ಲ ಅಂದ. ನಾನೇನು ಹೇಳಲಿ?" ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮಾರ್ಚ್ 18, ಮಂಗಳವಾರ, ಹತ್ತೂವರೆ, ಆಫೀಸು

"ಅತ್ತೆ, ನಿಮಗೆ ಶೀತ ಆದ ಹಾಗಿದೆ, ಈ ವಾರ ಕ್ಲಾಸು ಬೇಡ" ಎಂದೆ. ಶೀತವೂ ಇರಲಿಲ್ಲ, ಏನೂ ಇರಲಿಲ್ಲ. ಅವರು ಮೂಗು ಮುಟ್ಟಿ ನೋಡಿಕೊಂಡು, ನಂಬಿ, ಮನೆಯಲ್ಲಿ ಉಳಿದರು. ಮಾತು ಮೆತ್ತಗೆ ಮಾಡುವ ಚಟ ಮನೆಯಲ್ಲೂ ಬಿಡಲಿಲ್ಲ.

ಉಳಿದ ಹತ್ತು ಜನ ಈಗ ನೀರಿನಲ್ಲಿದ್ದಾರೆ. ನನ್ನ ಸಹಿ ನೋಡಿ ಇಳಿದವರು. ಗಡಿಯಾರ ನೋಡುತ್ತ ಕೂತಿದ್ದೇನೆ.

ಮಾರ್ಚ್ 20, ಗುರುವಾರ

ಮಂಗಳವಾರ ಏನೂ ಆಗಲಿಲ್ಲ. ಹೊಸ ಪತ್ರ ಬರೆದೆ. ಮೂರೇ ಸಾಲು. ಏಣಿಯಣ್ಣನ ಮಾತೇ, ಒಂದಕ್ಷರ ತಿದ್ದದೆ. ರಿಸೆಪ್ಶನ್ ಹುಡುಗಿಗೆ ಓದಿದೆ. ಎರಡನೇ ಸಾಲಿಗೇ ಕಣ್ಣು ಬಿಟ್ಟಳು. "ಯಾವ ಕೊಳ ಮೇಡಂ? ಈಗ ಅಲ್ಲಿ ಯಾರಾದ್ರೂ ಇದಾರಾ?" ಹತ್ತು ವರ್ಷದಲ್ಲಿ ನನ್ನ ಪತ್ರ ಕೇಳಿ ಯಾರೂ ಒಂದು ಪ್ರಶ್ನೆ ಕೇಳಿರಲಿಲ್ಲ.

ಬಾಸ್ ಪತ್ರವನ್ನು ಡ್ರಾಯರಿಗೆ ಹಾಕಿದರು. "ಸೋಮವಾರ ನೋಡೋಣ." ಸರಿ ಸರ್ ಎಂದೆ. ಕೆಲಸ ಹೋದೀತೆಂಬ ಹೆದರಿಕೆ. ಮನೆಗೆ ಬಂದು ಅತ್ತೆಗೂ ಹೇಳಲಿಲ್ಲ. ಇಂಥ ಹೇಡಿ ನಾನು ಎಂದು ಗೊತ್ತಿರಲಿಲ್ಲ.

ಮಾರ್ಚ್ 21, ಶುಕ್ರವಾರ, 10.20

ಬಸ್ಸಿನಲ್ಲಿ. ಅಕ್ಷರ ಕುಣಿಯುತ್ತಿವೆ. ಹತ್ತಕ್ಕೆ ಅತ್ತೆಯ ಮೆಸೇಜ್ ಬಂತು — "ಶೀತ ಹೋಯ್ತು. ಕ್ಲಾಸಿಗೆ ಬಂದೆ." ಫೋನ್ ಎತ್ತುತ್ತಿಲ್ಲ, ಲಾಕರಿನಲ್ಲಿ ಇಟ್ಟಿರುತ್ತಾರೆ. ಮ್ಯಾನೇಜರ್ ನಂಬರ್ ಎಂಗೇಜ್. ಮತ್ತೆ ಎಂಗೇಜ್. ಬಾಸ್‌ಗೆ ಹೇಳದೆ ಎದ್ದು ಬಂದೆ.

ಅಲ್ಲಿ ಹೋಗಿ ತೊದಲಬಾರದು. ಹೇಳಬೇಕಾದ್ದನ್ನು ಬರೆದಿಟ್ಟುಕೊಳ್ಳುತ್ತೇನೆ.

ಒಂದು — ಗೋಡೆಯ ಮೇಲಿನ ಪತ್ರ ಬರೆದವಳು ನಾನು.
ಎರಡು — ಅದನ್ನು ನಂಬಬೇಡಿ.
ಮೂರು — ಎಲ್ಲರೂ ಈಗಲೇ ಹೊರಗೆ ಬನ್ನಿ.

ಛೆ, ತಲೆಕೆಳಗು. ಮೂರನೆಯದು ಮೊದಲು. ಮೂರನೆಯದೇ ಸಾಕು.

ಇನ್ನೊಂದೇ ಸ್ಟಾಪು. ಕೊಳದ ಗೇಟು ಕಾಣುತ್ತಿದೆ. ಹೆಂಗಸರು ಒದ್ದೆ ಬಟ್ಟೆಯಲ್ಲೇ, ಬರಿಗಾಲಲ್ಲಿ ರಸ್ತೆಗೆ ಬಂದು ನಿಂತಿದ್ದಾರೆ. ಒಳಗಿಂದ ಬಿಳಿ ಧೂಳು. ಸಿಗ್ನಲ್ ಬಿಡುತ್ತಿಲ್ಲ. ಎಣಿಸುತ್ತಿದ್ದೇನೆ. ಎಂಟು... ಒಂಬತ್ತು. ಹತ್ತು. ಹನ್ನೊಂದನೆಯವರು ಎಲ್ಲಿ? ನೀಲಿ ಟೋಪಿ