ಅ ಬರೆಯದ ಹುಡುಗಿಯೂ ಕೋಟೆಗೆ ವರ್ಗವಾದ ಚೆಲುವಮ್ಮನವರೂ

ಶಾಲೆಗಳನ್ನು ತನಿಖೆ ಮಾಡುವ ಇನ್ಸ್‌ಪೆಕ್ಟರ್ ಸಾಹೇಬರೇ,

ಕಳೆದ ನವೆಂಬರಿನಲ್ಲಿ ತಾವು ಹುಣಸೂರಿನ ನಮ್ಮ ಬೀದಿಯ ಹೆಣ್ಣುಮಕ್ಕಳ ಶಾಲೆಗೆ ದಯಮಾಡಿಸಿದಿರಿ. ಕಾಫಿ ಸೇವಿಸಿ, ಒಂದನೆಯ ತರಗತಿಯನ್ನು ಹತ್ತು ನಿಮಿಷದಲ್ಲಿ ಪರೀಕ್ಷಿಸಿ, ಭೇಟಿಯ ಪುಸ್ತಕದಲ್ಲಿ ಎರಡು ಸಾಲು ಬರೆದು ಹೊರಟಿರಿ. ಆ ಎರಡು ಸಾಲಿನ ಫಲವಾಗಿ ನಮ್ಮ ಉಪಾಧ್ಯಾಯಿನಿ ಚೆಲುವಮ್ಮನವರು ಹೆಗ್ಗಡದೇವನಕೋಟೆಗೆ ವರ್ಗವಾದರು. ಅವರು ಮಾಡಿದ ಘೋರ ಅಪರಾಧವೆಂದರೆ, ಮಕ್ಕಳಿಗೆ ಅ ಬರೆಯುವುದಕ್ಕೆ ಮುಂಚೆ ರ ಬರೆಯಲು ಕಲಿಸಿದ್ದು. ಈ ಶಿಕ್ಷೆಯ ಬಗ್ಗೆ ನನ್ನದೊಂದು ತಕರಾರಿದೆ.

ನಾನು ಎತ್ತಿನ ಗಾಡಿ ಮಾಡುವವನು. ನನ್ನ ಮಗಳು ಅಜೀಜುನ್ನೀಸಾಗೆ ಆರು ವರ್ಷ. ಅವಳು ಶಾಲೆಗೆ ಸೇರಿದ ಮೊದಲ ಎರಡು ತಿಂಗಳು ಅ ಎಂಬ ಅಕ್ಷರ ನಮ್ಮ ಮನೆಯಲ್ಲಿ ಯಾರಿಗೂ ನೆಮ್ಮದಿ ಕೊಡಲಿಲ್ಲ. ತಮ್ಮಂಥ ವಿದ್ವಾಂಸರಿಗೆ ಅ ಏನೂ ಅಲ್ಲ. ಆರು ವರ್ಷದ ಬೆರಳು ಮಾತ್ರ ಸುತ್ತಿ ಬಂದು, ಒಳಗೆ ಮಡಚಿ, ಮತ್ತೆ ಹೊರಗೆ ಹೊರಳುವಷ್ಟರಲ್ಲಿ ಬಳಪ ಮುರಿಯುತ್ತಿತ್ತು. ಸ್ಲೇಟು ಒದ್ದೆಯಾಗುತ್ತಿತ್ತು, ಅರ್ಧ ಉಗುಳು, ಅರ್ಧ ಕಣ್ಣೀರು. ಒಂದು ಬೆಳಗ್ಗೆ ಅವಳು ಸ್ಲೇಟನ್ನು ಮರದ ಹೊಟ್ಟಿನ ರಾಶಿಯಲ್ಲಿ ಹೂತಿಟ್ಟು ಬಂದು, ನನ್ನನ್ನು ಕರೆದು, "ಅಬ್ಬಾ, ಅದು ಕಳ್ದೋಯ್ತು" ಎಂದಳು.

ಮಗು ಮೂರು ದಿನ ಬಾರದ್ದನ್ನು ಕಂಡು ಚೆಲುವಮ್ಮನವರು ನಾನು ಕೆಲಸ ಮಾಡುವಲ್ಲಿಗೇ ಬಂದರು. ನಾನು ಹಲಗೆಗೆ ಮೊಳೆ ಹೊಡೆದು, ದಾರ ಕಟ್ಟಿ, ಇದ್ದಿಲಿನಿಂದ ಚಕ್ರದ ಗುರುತು ಹಾಕುತ್ತಿದ್ದೆ. ಪಕ್ಕದಲ್ಲಿ ಮಗಳು ದಾರದ ಹಂಗಿಲ್ಲದೆ ಸಾಲಾಗಿ ಸೊನ್ನೆ ಸುತ್ತುತ್ತಿದ್ದಳು. ಉಪಾಧ್ಯಾಯಿನಿಯವರು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು, ಒಂದು ಸೊನ್ನೆಯ ಮೇಲೆ ತಲೆಕಟ್ಟು ಎಳೆದರು.

"ಇದು ರ. ಈಗ ಇದರ ಹೊಟ್ಟೆಯೊಳ್ಗೆ ಒಂದು ಚುಕ್ಕಿ ಇಡವ್ವ."

ಮಗಳು ಇಟ್ಟಳು.

"ಇದು ಠ. ನೋಡ್ದಾ, ಎರಡಕ್ಷರ ಬಂದೇಬಿಡ್ತು!" ಆಮೇಲೆ ನನ್ನ ಕಡೆ ತಿರುಗಿ, "ಪಾಷಾ ಸಾಹೇಬ್ರೇ, ಕೈ ಎಲ್ಲಿ ತಿರುಗ್ತದೋ ಅಲ್ಲಿಂದ್ಲೇ ಶುರು ಮಾಡೋಣ ಕಣ್ರೀ. ಅ ಎಲ್ಲಿಗೂ ಓಡೋಗಲ್ಲ" ಎಂದರು.

ಮರುದಿನ ಕಳೆದುಹೋಗಿದ್ದ ಸ್ಲೇಟು ತಾನಾಗಿಯೇ ಸಿಕ್ಕಿತು. ಆ ವಾರದಿಂದ ಇಡೀ ತರಗತಿಗೆ ಅದೇ ದಾರಿ. ಬಾಯಲ್ಲಿ ಹೇಳಿಸುವಾಗ ಅ ಇಂದ ಳ ತನಕ ಕ್ರಮವಾಗಿಯೇ ಹೇಳಿಸುತ್ತಿದ್ದರು. ಬರೆಸುವಾಗ ಮಾತ್ರ ಸುಲಭದ್ದು ಮೊದಲು. ದಸರಾ ಮುಗಿಯುವಷ್ಟರಲ್ಲಿ ನನ್ನ ಮಗಳಿಗೆ ಹದಿನಾಲ್ಕು ಅಕ್ಷರ ಬಂದಿದ್ದವು.

ಆಗ ತಾವು ಬಂದಿರಿ. ಅಂದು ನಾನು ಶಾಲೆಯ ಬೆಂಚಿಗೆ ಕಾಲು ಕೂರಿಸಲು ಹೋಗಿದ್ದರಿಂದ ಎಲ್ಲವನ್ನೂ ಕಣ್ಣಾರೆ ಕಂಡೆ. ತಾವು ಬೆತ್ತವನ್ನು ನನ್ನ ಮಗಳ ಕಡೆ ಚಾಚಿ, "ಅ ಬರಿ" ಎಂದಿರಿ.

ಅವಳು ಎದ್ದು ನಿಂತು, "ಅದಿನ್ನೂ ಬಂದಿಲ್ಲ ಸ್ವಾಮಿ, ಮುಂದಿನ ವಾರ ಬತ್ತದೆ. ಠ ಬರ್ದು ತೋರಿಸ್ಲಾ?" ಎಂದಳು.

ತಾವು ನಗಲಿಲ್ಲ. ಚೆಲುವಮ್ಮನವರು, "ಸ್ವಾಮಿ, ದಯವಿಟ್ಟು ಒಂದು ನಿಮಿಷ ಸ್ಲೇಟು ನೋಡಿ" ಎಂದು ಕೇಳಿಕೊಂಡರು. ತಾವು ಗಡಿಯಾರ ನೋಡಿದಿರಿ. ಬಳಿಕ ಬರೆದಿರಿ: "ಉಪಾಧ್ಯಾಯಿನಿಗೆ ವರ್ಣಮಾಲೆಯ ಅನುಕ್ರಮದ ಜ್ಞಾನವಿಲ್ಲ. ಮಕ್ಕಳಿಗೆ ಮೊದಲನೆಯ ಅಕ್ಷರವೂ ಬಾರದು."

ಸಾಹೇಬರೇ, ತಾವು ಮಾತು ಕಲಿತದ್ದು ಅನುಕ್ರಮವಾಗಿಯೇ? ಒಂದು ತಿಂಗಳೆಲ್ಲ ಅ ಎಂದು, ಮರುತಿಂಗಳು ಆ ಎಂದು, ತಾಯಿಯನ್ನು ಕರೆಯಲು ಮಕಾರದ ಸರದಿ ಬರಲೆಂದು ಕಾದಿದ್ದಿರೇ? ಗಾಡಿ ಕೊಳ್ಳಲು ಗುರುಪುರದಿಂದ ಬಂದಿದ್ದ ರೈತ ಸಣ್ಣಬೀರಯ್ಯನವರಿಗೆ ಈ ಸಂಗತಿ ಹೇಳಿದೆ. ಅವರಿಗೆ ಓದುಬರಹ ಇಲ್ಲ. "ಸಾಬ್ರೇ, ನನ್ ಎಸ್ರಲ್ಲಿ ಅ ಅನ್ನೋ ಅಕ್ಸರ ಅದಾ?" ಎಂದರು.

"ಇಲ್ಲ ಗೌಡ್ರೇ."

"ಮತ್ತೆ ನಾನು ಬದುಕಿಲ್ವಾ? ಬುಡಿ ಅತ್ಲಾಗೆ!"

ಅವರು ಬಿಟ್ಟರೂ ತಾವು ಬಿಡಲಿಲ್ಲ. ಹೊಸದಾಗಿ ಬಂದವರು ತಮ್ಮ ಆಜ್ಞೆಯಂತೆ ದಿನಕ್ಕೆ ನೂರು ಸಲ ಅ ಬರೆಸುತ್ತಾರೆ. ಹತ್ತೊಂಬತ್ತು ಹುಡುಗಿಯರಲ್ಲಿ ಏಳು ಮಂದಿ ಮನೆಯಲ್ಲೇ ಉಳಿದಿದ್ದಾರೆ. ಹುಡುಗಿ ಶಾಲೆ ಬಿಟ್ಟರೆ ಅವಳನ್ನು ಹುಡುಕಿಕೊಂಡು ಬರುವವರು ಒಬ್ಬರೇ ಇದ್ದರು. ಅವರನ್ನು ತಾವು ಕಾಡಿನಂಚಿಗೆ ಕಳಿಸಿದಿರಿ.

ನನ್ನ ಮಗಳಿಗೆ ಅ ಬಂತು. ಆದೇಶದ ಫಲವೆಂದು ವರದಿಯಲ್ಲಿ ಸೇರಿಸಿಕೊಳ್ಳಬೇಡಿ. ಆ ನೂರು ಸಲದ ಕಾಟ ಶುರುವಾಗುವ ಮುಂಚೆಯೇ, ಶಾಲೆಗೆ ರಜೆಯಿದ್ದ ಒಂದು ಭಾನುವಾರ, ಯಾರೂ ಹೇಳದೆ ಬರೆದಳು. ದುಂಡಗೆ ತಿರುಗಿ ಅಭ್ಯಾಸವಾಗಿದ್ದ ಕೈಗೆ ಅದು ಒಲಿಯಿತು. ಬರೆದವಳೇ ಒಂದು ಕಾರ್ಡು ಬೇಕೆಂದು ಹಟ ಹಿಡಿದಳು. ಗುಣಿತ ಒತ್ತಕ್ಷರಗಳನ್ನು ನನ್ನಿಂದ ಕೇಳಿ ಕೇಳಿ ಬರೆದದ್ದು ಇಷ್ಟೇ: "ಟೀಚರಮ್ಮ, ಅ ಬಂತು. ನೀವು ಬನ್ನಿ."

ಚೆಲುವಮ್ಮನವರು ಮರುಟಪಾಲಿಗೆ ಉತ್ತರ ಬರೆದರು. ಕೋಟೆಯ ಮಕ್ಕಳಿಗೆ ಯಾವ ಅಕ್ಷರದಿಂದ ಶುರು ಮಾಡಿದ್ದಾರೆಂದು ತಿಳಿಸಿದ್ದಾರೆ. ಅದನ್ನು ತಮಗೆ ಹೇಳುವಷ್ಟು ದಡ್ಡ ನಾನಲ್ಲ.

ನಾನು ಕೇಳುವುದು ಹೆಚ್ಚೇನಿಲ್ಲ. ಆ ಎರಡು ಸಾಲನ್ನು ಹೊಡೆದುಹಾಕಿ, ಬೇಸಿಗೆ ರಜೆ ಮುಗಿಯುವುದರೊಳಗೆ ಅವರನ್ನು ಹುಣಸೂರಿಗೆ ವಾಪಸು ಕಳಿಸಿ. ಹಾಗೆ ಮಾಡಲು ಮನಸ್ಸು ಬಾರದಿದ್ದರೆ, ಮನೆಯಲ್ಲಿ ಉಳಿದಿರುವ ಆ ಏಳು ಹುಡುಗಿಯರ ಬಾಗಿಲಿಗೆ ತಾವೇ ಹೋಗಿ, ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು, ಅವರನ್ನು ಶಾಲೆಗೆ ಕರೆತನ್ನಿ.

ಇಂತಿ,
ಉತ್ತರ ಬಾರದೆಂದು ಗೊತ್ತಿದ್ದರೂ ಪೂರ್ತಿ ವಿಳಾಸ ಬರೆಯುತ್ತಿರುವ
ಜಾನ್ ಪಾಷಾ, ಗಾಡಿ ಕೆಲಸದವನು,
ಸೇತುವೆಯ ಹತ್ತಿರ, ಹುಣಸೂರು
12ನೇ ಫೆಬ್ರವರಿ 1934