ಸುಳಿ ನೋಡಿ ತಂದ ವೆಲ್ಡಿಂಗ್ ಮಿಷನ್ನು

ಪೂಜ್ಯ ಮಾವನವರಿಗೆ, ನಿಮ್ಮ ಹಿರಿ ಸೊಸೆಯ ನಮಸ್ಕಾರಗಳು.

ನೀವಿದ್ದಾಗ ನಿಮ್ಮ ಎದುರು ನಿಂತು ನಾಲ್ಕು ಮಾತು ಆಡಿದವಳಲ್ಲ ನಾನು. ಬಾಗಿಲ ಮರೆಯಿಂದ "ಊಟಕ್ಕೆ ಏಳಿ ಮಾವ" ಅನ್ನುವುದು, ನೀವು "ಊಂ" ಅನ್ನುವುದು, ನಮ್ಮ ಮಾತುಕತೆ ಅಷ್ಟೇ. ಮೊನ್ನೆ ನಿಮ್ಮ ವರ್ಷದ ತಿಥಿ ಆಯಿತು. ಕಜ್ಜಾಯ, ವಡೆ ಎಲ್ಲ ಎಡೆ ಇಟ್ಟೆವು. ಆದರೂ ನನಗೆ ಸಮಾಧಾನವಿಲ್ಲ. ನಿಮ್ಮಿಂದ ಮುಚ್ಚಿಟ್ಟ ಸಂಗತಿಯೊಂದು ಹೊಟ್ಟೆಯಲ್ಲೇ ಉಳಿದಿದೆ. ಅದು ಗೇಟಿನ ವಿಷಯ.

ಆ ವರ್ಷದ ಗೌರಿ ಹಬ್ಬ ನೆನಪಿದೆಯಾ? ನಿಮ್ಮ ಮಗಳನ್ನು ಕರೆದುಕೊಂಡು ಬೀಗರು ಬಂದು ಜಗಲಿಯಲ್ಲಿ ಕೂತಿದ್ದರು. ಯಾರದೋ ಎಮ್ಮೆ ಬೀದಿಯಿಂದ ನೆಟ್ಟಗೆ ಒಳಗೆ ಬಂದು ಅವರ ಕಣ್ಣೆದುರೇ ಮೊರದಲ್ಲಿದ್ದ ಹಪ್ಪಳವನ್ನೆಲ್ಲ ತಿಂದು ಹೋಯಿತು. "ಗೌಡ್ರ ಮನೆಗೆ ಯಾರು ಬೇಕಾದ್ರೂ ಬರಬೋದು ಬಿಡಿ" ಎಂದು ಬೀಗರು ನಕ್ಕರು. ಬೇಗೂರಿನ ವೆಲ್ಡರು ಆರು ತಿಂಗಳಿಂದ ಗೇಟು ನಾಳೆ, ನಾಳೆ ಅನ್ನುತ್ತಿದ್ದ. ನಿಮಗೆ ಸಿಟ್ಟು ನೆತ್ತಿಗೇರಿತು. "ಬರೋ ಗೌರಿ ಅಬ್ಬಕ್ಕೆ ನನ್ ಮಗ್ಳು ಗೇಟ್ ತಗ್ದೇ ಒಳಕ್ ಬತ್ತಾಳೆ. ನನ್ ಕೈಯಾರೆ ಮಾಡಿದ್ ಗೇಟು. ಇಲ್ದಿದ್ರೆ ಮೀಸೆ ಬೋಳಿಸ್ತೀನಿ" ಅಂದುಬಿಟ್ಟಿರಿ. ಒಳಗೆ ಅತ್ತೆ ಹಣೆ ಚಚ್ಚಿಕೊಂಡರು. ನಿಮ್ಮ ಮೀಸೆ ಊರಿಗೆಲ್ಲ ಗೊತ್ತಿದ್ದ ಮೀಸೆ.

ವೆಲ್ಡಿಂಗ್ ಮಿಷನ್ನು ಕೊಳ್ಳುವುದಕ್ಕೆಂದು ಪೀಣ್ಯಕ್ಕೆ ಹೊರಟ ಬೆಳಿಗ್ಗೆ ನನ್ನನ್ನೂ ಹೊರಡಿಸಿದಿರಿ. ನಿಮ್ಮ ಮಗನಿಗೆ ಫ್ಯಾಕ್ಟರಿಯಲ್ಲಿ ಮೊದಲ ಶಿಫ್ಟು. ಮಿಷನ್ನಿನ ಮೇಲೆ ಇಂಗ್ಲಿಷಿನಲ್ಲಿ ಬರೆದಿರುತ್ತದೆ, ಓದುವುದಕ್ಕೆ ಪಿಯುಸಿ ಸೊಸೆ ಬೇಕು ಅನ್ನುವುದು ನಿಮ್ಮ ಲೆಕ್ಕ. ಇವರು ಹಿಂದಿನ ದಿನವೇ ಬಸ್ ಟಿಕೆಟ್ಟಿನ ಹಿಂದೆ ಬರೆದು ನನ್ನ ಕೈಗೆ ಕೊಟ್ಟಿದ್ದರು: ಚಿಕ್ಕ ಮಿಷನ್ನು ಸಾಕು, ಒಳಗಿನ ತಂತಿ ಸುತ್ತು ತಾಮ್ರದ್ದೇ ಇರಲಿ, ಅಪ್ಪನಿಗೆ ಹೇಳು. ಅಪ್ಪನಿಗೆ ಹೇಳು ಅಂತ ಬರೆಯುವುದೇನೋ ಸುಲಭ. ಮೂರು ಬಸ್ಸು ಬದಲಿಸಿದರೂ ಆ ಚೀಟಿ ನನ್ನ ಮುಷ್ಟಿಯಿಂದ ಹೊರಗೆ ಬರಲಿಲ್ಲ.

ಅಂಗಡಿಯೊಳಗೆ ನೀವು ಮಾಡಿದ್ದನ್ನು ನೆನೆದರೆ ಈಗಲೂ ಒಲೆ ಮುಂದೆ ಒಬ್ಬಳೇ ನಗುತ್ತೇನೆ. ಜೋಡೆತ್ತು ಕೊಳ್ಳುವವರ ಹಾಗೆ ಒಂದೊಂದು ಮಿಷನ್ನಿಗೂ ಸುತ್ತು ಬಂದಿರಿ, ಬೆನ್ನು ತಟ್ಟಿದಿರಿ, ಬಗ್ಗಿ ಚಕ್ರಗಳನ್ನು ಅಲ್ಲಾಡಿಸಿ ಕಾಲು ಗಟ್ಟಿಯೇ ಎಂದು ನೋಡಿದಿರಿ. ಮೈಮೇಲೆ ಒಳ್ಳೆಯ ಸುಳಿ ಇದೆಯೇ ಎಂದೂ ಹುಡುಕಿದಿರೇನೋ, ಯಾರಿಗೆ ಗೊತ್ತು. ಅಂಗಡಿಯವರು ಪಾಪ, ಚಿಕ್ಕದನ್ನು ತೋರಿಸಿ "ಮನೆ ಕೆಲ್ಸಕ್ಕೆ ಇದು ಧಾರಾಳ ಆಯ್ತು ಸಾರ್" ಅಂದರು. "ಕರು ಕೊಟ್ಟು ಒಲ ಊಳು ಅಂತೀಯೇನಪ್ಪಾ?" ಅಂದಿರಿ. ಮೂಲೆಯಲ್ಲಿ ನಿಂತಿದ್ದ ಎಲ್ಲಕ್ಕಿಂತ ದೊಡ್ಡದರ ಮೇಲೆ ನಿಮ್ಮ ಕಣ್ಣು ಬಿತ್ತು. ನಾನು ಮುಷ್ಟಿ ಬಿಗಿ ಮಾಡಿಕೊಂಡು ಗೋಡೆ ನೋಡಿದೆ. ಹೊರಗಿನವರ ಮುಂದೆ ಮಾವನ ಮಾತಿಗೆ ಎದುರು ಹೇಳುವುದುಂಟೇ?

ಆಮೇಲೆ ಹೆಗಲ ಮೇಲಿನ ಟವೆಲ್ಲು ತೆಗೆದು ಅಂಗಡಿಯವರ ಕೈ ಮೇಲೆ ಹೊದಿಸಿ, ದನದ ವ್ಯಾಪಾರದ ಹಾಗೆ ಒಳಗಿನಿಂದಲೇ ಅವರ ಬೆರಳು ಹಿಡಿದು ಬೆಲೆ ಕೇಳಿದಿರಿ. ಅವರು ಎಲ್ಲಿಯವರೋ, ಈ ಪದ್ಧತಿ ಕಂಡವರಲ್ಲ. "ಸಾರ್, ಕೈ ಬಿಡಿ ಸಾರ್, ರೇಟು ಬೋರ್ಡಲ್ಲಿದೆ" ಎಂದು ಬೆವರಿದರು. ನೀವು ಬಿಡಬೇಕಲ್ಲ. ಕೊನೆಗೆ ಕೈ ಬಿಡಿಸಿಕೊಳ್ಳುವುದಕ್ಕೆಂದೇ ಅವರು ಒಂದಿಷ್ಟು ಇಳಿಸಿರಬೇಕು.

ಟೆಂಪೋ ನಮ್ಮ ಸಿಂಗಸಂದ್ರ ಮುಟ್ಟಿದಾಗ ಅತ್ತೆ ಆರತಿ ಹಿಡಿದು ನಿಂತಿದ್ದರು. ಹೊಸ ಎತ್ತು ಮನೆಗೆ ಬಂದರೆ ಕಾಲಿಗೆ ನೀರು ಹಾಕುವುದು ಪದ್ಧತಿ ತಾನೇ? ಹಾಕಿದರು. ಚಕ್ರಕ್ಕೆ ಎರಡು ಚೊಂಬು, ಒಳ್ಳೆಯದಾಗಲಿ ಎಂದು ಮೇಲೊಂದು ಚೊಂಬು. ಶಿಫ್ಟು ಮುಗಿಸಿ ಬಂದ ನಿಮ್ಮ ಮಗ, ಮೈತುಂಬ ಕುಂಕುಮ ಹಚ್ಚಿಕೊಂಡು ತೊಟ್ಟಿಕ್ಕುತ್ತಿದ್ದ ಮಿಷನ್ನನ್ನು ನೋಡಿದರು. ಅದರ ಗಾತ್ರವನ್ನೂ ನೋಡಿದರು. ನನ್ನನ್ನು ನೋಡಿದರು. ಮೂರು ದಿನ ಬಿಸಿಲಿಗೆ ಒಣಗಿಸದೆ ಸ್ವಿಚ್ಚು ಮುಟ್ಟಬಾರದು ಎಂದು ಹೇಳಿ ಊಟ ಮಾಡದೆ ಮಲಗಿದರು.

ನೀವು ಮೊದಲ ಬೆಸುಗೆ ಹಾಕಿದ ಹೊತ್ತು ಬೀದಿಯ ದೀಪಗಳೆಲ್ಲ ಕುಗ್ಗಿದವು. ಎದುರು ಮನೆ ಶಾರದಮ್ಮನ ರೇಡಿಯೊ ಕರಕರ ಅಂದಿತು. ಆದರೆ ಮಾವ, ಒಂದು ಮಾತು ಹೇಳುತ್ತೇನೆ, ಬೈಯಬೇಡಿ. ನೀವು ಮುಖಕ್ಕೆ ಕಪ್ಪು ಗಾಜು ಹಿಡಿದುಕೊಂಡು ಅದರ ಹಿಂದೆ ಕಣ್ಣನ್ನೂ ಮುಚ್ಚಿಕೊಳ್ಳುತ್ತಿದ್ದಿರಿ. ಹೀಗಾಗಿ ಬೆಸುಗೆ ಯಾವಾಗಲೂ ಸಂದಿನಿಂದ ಒಂದಂಗುಲ ಆಚೆಗೆ ಬೀಳುತ್ತಿತ್ತು. ಕರೆಂಟು ಏರಿಸುವ ಹಿಡಿಯನ್ನು ಕೊನೆಯವರೆಗೆ ತಿರುಗಿಸಿಡುತ್ತಿದ್ದಿರಿ. ಇವರು ಕಮ್ಮಿ ಮಾಡಲು ಹೋದರೆ "ಕಟ್ಟುಮಸ್ತಾದ ಎತ್ತಿಗೆ ಅರೆಹೊಟ್ಟೆ ಆಕ್ತೀಯೇನ್ಲಾ?" ಎಂದು ಗದರಿದಿರಿ. ಗೇಟಿನ ತೆಳು ತಗಡು ದೋಸೆಯ ಹಾಗೆ ತೂತು ತೂತಾಯಿತು. ಹಬ್ಬಕ್ಕೆ ಇಪ್ಪತ್ತು ದಿನವೂ ಇರಲಿಲ್ಲ. ಅತ್ತೆ ನಿಮ್ಮ ಮೀಸೆಯನ್ನೇ ನೋಡುತ್ತ ಕೂತಿರುತ್ತಿದ್ದರು. ನನಗೆ ನಿಜವಾಗಿ ಅಳು ಬಂತು. ಬಾಯಿಬಿಟ್ಟು ಆ ಚೀಟಿ ಓದಿದ್ದರೆ ಹೀಗಾಗುತ್ತಿತ್ತಾ?

ಅದಕ್ಕೇ ಒಂದು ಮಧ್ಯಾಹ್ನ, ಮುದ್ದೆ ಉಂಡು ನೀವು ಜಗಲಿಯಲ್ಲಿ ಗೊರಕೆ ಶುರು ಮಾಡಿದ ಮೇಲೆ, ಅತ್ತೆ ಹಸು ಹೊಡೆದುಕೊಂಡು ಕೆರೆ ಕಡೆ ಹೋದ ಮೇಲೆ, ನಾನು ಸೆರಗು ಬಿಗಿದು ಹಿತ್ತಲಿಗೆ ಹೋದೆ. ಹಿಡಿ ಇಳಿಸಿದೆ. ಮೊದಲ ದಿನ ಬೆಸುಗೆಯ ರಾಡು ಕಬ್ಬಿಣಕ್ಕೆ ಅಂಟಿಕೊಂಡು ಒದ್ದಾಡಿಸಿತು, ಮೂರನೆಯ ದಿನಕ್ಕೆ ಹದ ಸಿಕ್ಕಿತು. ರಂಗೋಲಿ ಎಳೆ ಎಳೆದ ಕೈ ಅಲ್ಲವೇ? ನೀವು ಬೆಳಿಗ್ಗೆ ಪಕ್ಕದಲ್ಲಿ ಹಾಕಿದ್ದನ್ನು ನಾನು ಮಧ್ಯಾಹ್ನ ಸಂದಿಗೆ ಹಾಕುತ್ತಿದ್ದೆ. ಆಮೇಲೆ ಹಿಡಿಯನ್ನು ಮೊದಲಿನ ಹಾಗೆ ಏರಿಸಿ, ಏನೂ ಅರಿಯದವಳ ಹಾಗೆ ನಿಮಗೆ ಕಾಫಿ ತರುತ್ತಿದ್ದೆ. ನೀವು ಸುತ್ತಿಗೆಯಿಂದ ಬಡಿದು ನೋಡಿ "ಮಿಷಿನ್ನು ನಮ್ ಕೈಗೆ ಒಗ್ಗೈತೆ" ಅನ್ನುತ್ತಿದ್ದಿರಿ.

ಹಬ್ಬದ ಹಿಂದಿನ ಸಂಜೆ ಗೇಟನ್ನು ಕಂಬಕ್ಕೆ ನಿಲ್ಲಿಸುವಾಗ ಕೆಳಗಿನ ತಿರುಗಣಿಗೆ ನೀವೇ ಬೆಸುಗೆ ಹಾಕಿದಿರಿ. ಹುತ್ತದ ಹಾಗೆ ಎದ್ದು ನಿಂತ ಅದನ್ನು ತಿದ್ದಲು ನನಗೆ ಮಧ್ಯಾಹ್ನ ಉಳಿದಿರಲಿಲ್ಲ. ರಾತ್ರಿಯೆಲ್ಲ ದೇವರಿಗೆ ಹರಕೆ ಹೊತ್ತೆ. ಬೆಳಿಗ್ಗೆ ನಿಮ್ಮ ಮಗಳು ಗೇಟು ತಳ್ಳಿಕೊಂಡೇ ಒಳಗೆ ಬಂದಳು, ಬೀಗರು ಎರಡು ಸಲ ತೆಗೆದು ಹಾಕಿ ನೋಡಿದರು, ನೀವು ಮೀಸೆ ತಿರುವಿದಿರಿ.

ಇಷ್ಟು ನಾನು ಮುಚ್ಚಿಟ್ಟದ್ದು. ನೀವು ಮುಚ್ಚಿಟ್ಟದ್ದು ನನಗೆ ತಿಥಿಯ ದಿನ ತಿಳಿಯಿತು. ಶಾರದಮ್ಮ ಊಟಕ್ಕೆ ಬಂದಿದ್ದರು. "ಮಧ್ಯಾಹ್ನ ಹಾಡು ಬರೋ ಟೈಮಿಗೇ ರೇಡಿಯೊ ಕೆಡ್ತಿತ್ತು ಕಣೇ. ಗೌಡ್ರನ್ನ ಕೇಳಿದ್ದಕ್ಕೆ, 'ಯಾರಿಗೂ ಹೇಳ್ಬೇಡ ಕಣಮ್ಮ, ಅದು ನಮ್ ಸೊಸೆ ಕೆಲ್ಸ, ನಾನ್ ಎದ್ದಿವ್ನಿ ಅಂತ ಗೊತ್ತಾದ್ರೆ ಮಗೀಗೆ ಕೈ ನಡುಗ್ತದೆ, ಅದಕ್ಕೇ ಗೊರಕೆ ಒಡೀತಾ ಬಿದ್ದಿರ್ತೀನಿ' ಅಂದ್ರು" ಎಂದರು. ಬಡಿಸುತ್ತಿದ್ದ ಸೌಟು ಹಿಡಿದುಕೊಂಡು ನಿಂತುಬಿಟ್ಟೆ. ದಿನಾ ಮಧ್ಯಾಹ್ನ ಮಾವ, ಅಷ್ಟು ಜೋರು ಗೊರಕೆ, ಅದೂ ಸುಳ್ಳು…

ನಿನ್ನೆಯ ಸುದ್ದಿ ನಿಮಗೆ ಗೊತ್ತಿಲ್ಲ. ಹೊಸೂರು ರೋಡಿನ ಫ್ಯಾಕ್ಟರಿ ಕಟ್ಟಡಕ್ಕೆ ಇಟ್ಟಿಗೆ ತಂದ ಲಾರಿ ಹಿಂದಕ್ಕೆ ಬರುವಾಗ ನಮ್ಮ ಗೇಟಿಗೆ ಗುದ್ದಿತು. ರಂಗೋಲಿಯ ಹಾಗೆ ನಾನು ಹಾಕಿದ್ದ ಬೆಸುಗೆಗಳೆಲ್ಲ ಬಿಟ್ಟುಕೊಂಡವು. ಕೆಳಗಿನ ತಿರುಗಣಿ ಮಾತ್ರ ಕಂಬ ಬಿಟ್ಟು ಕದಲಿಲ್ಲ. ದಪ್ಪ ಕಬ್ಬಿಣಕ್ಕೆ ಅಷ್ಟೇ ದೊಡ್ಡ ಕರೆಂಟು ಬೇಕಿತ್ತಂತೆ. ಹಾಗಂತ ಹೇಳಿದವನು ಅದೇ ಬೇಗೂರಿನ ವೆಲ್ಡರು. "ನೋಡಕ್ಕೆ ಚೆನ್ನಾಗಿಲ್ಲ, ಆದ್ರೆ ಅಲ್ಲಾಡ್ತಿಲ್ಲ. ಕತ್ತರಿಸಿ ಹೊಸದು ಹಾಕ್ಲಾ?" ಎಂದು ಕೇಳಿದ. ನಿಮ್ಮ ಮಗ ಹೂಂ ಅನ್ನುವುದರಲ್ಲಿದ್ದರು.

"ಅದನ್ನ ಮುಟ್ಟಂಗಿಲ್ಲ" ಅಂದೆ. ಬೀದಿಯವರೆಲ್ಲ ನಿಂತಿದ್ದರು, ನನ್ನ ದನಿ ನನಗೇ ಜೋರಾಗಿ ಕೇಳಿಸಿತು. "ಅದು ಮಾವ ಹಾಕಿದ್ದು. ಮಿಕ್ಕಿದ್ದು ನಾನ್ ಹಾಕ್ತೀನಿ, ಮೊದಲೂ ನಾನೇ ಹಾಕಿದ್ದು."

ನಾಳೆ ಬೆಳಿಗ್ಗೆ ಮಿಷನ್ನನ್ನು ಬೀದಿ ಬಾಗಿಲಿಗೆ ಎಳೆದುಕೊಂಡು ಬಂದು, ಎಲ್ಲರ ಕಣ್ಣೆದುರೇ ಶುರು ಮಾಡುತ್ತೇನೆ. ರೇಡಿಯೊ ಆರಿಸಿಕೊಳ್ಳಿ ಎಂದು ಶಾರದಮ್ಮನಿಗೆ ಹೇಳಿ ಬಂದಿದ್ದೇನೆ. ನೀವಿನ್ನು ಗೊರಕೆ ಹೊಡೆಯಬೇಕಾಗಿಲ್ಲ ಮಾವ. ಎದ್ದು ಕೂತೇ ನೋಡಿ, ಕೈ ನಡುಗುವುದಿಲ್ಲ.

ನಿಮ್ಮ ಸೊಸೆ