ಮಂಚದಿಂದ ಕಾಣುವುದು

ಮಾರ್ಚ್ 3, ಮಂಗಳವಾರ
ಔಷಧಿ ಮತ್ತೆ ಉಗಿದಳು. ನನ್ನ ಏಪ್ರನ್ ಮೇಲೆಯೇ. ಮೂರನೇ ಮಂಚದವಳು, ನಾಲ್ಕು ವರ್ಷ. ವಾರ್ಡಿಗೆಲ್ಲ 'ಹುಲಿಮರಿ'. ಸಿರಪ್ ತರಲು ಎದ್ದರೆ ಸಾಕು, ಕಿರುಚಾಟ. ಶುಕ್ರವಾರದೊಳಗೆ ಬಾಯಿಂದ ಔಷಧಿ ಇಳಿಯದಿದ್ದರೆ ಮೂಗಿಗೆ ಟ್ಯೂಬ್ ಎಂದಿದ್ದಾರೆ ಡಾಕ್ಟರು. ಅವಳಮ್ಮ ಆಗಿನಿಂದ ಅಳುತ್ತಿದ್ದಾಳೆ.

ದೊಡ್ಡಕ್ಕ ಇದ್ದಿದ್ದರೆ... ತೀರಿಹೋಗಿ ತಿಂಗಳಾಯಿತು. ಇದೇ ಮಕ್ಕಳ ವಾರ್ಡಿನ ನರ್ಸು, ನಮಗೆಲ್ಲ ಪಾಠ ಹೇಳಿದವರು. ಶನಿವಾರ ಇಲ್ಲಿ ಅವರ ಫೋಟೊ ಹಾಕುತ್ತಾರೆ. ನಾನು ನಾಲ್ಕು ಮಾತಾಡಬೇಕಂತೆ. ಮೈಕ್ ಕಂಡರೆ ನನಗೆ ಜ್ವರ.

ಮಾರ್ಚ್ 4
ಭಾಷಣಕ್ಕೆಂದು ಕೂತರೆ ನೆನಪಾದದ್ದು ನಮ್ಮ ಮೊದಲ ದಿನ. ಸೂಜಿ ಕೊಡಲಿಲ್ಲ, ಥರ್ಮಾಮೀಟರ್ ಕೊಡಲಿಲ್ಲ. ದೊಡ್ಡಕ್ಕ ನನ್ನನ್ನು ಮಗುವಿನ ಮಂಚದಲ್ಲಿ ಮಲಗಿಸಿದರು.
"ಏನ್ ಕಾಣ್ಸುತ್ತೆ?"
"ಫ್ಯಾನು."
ಮೇಲಿನಿಂದ ಬಗ್ಗಿದರು. "ಈಗ?"
"ನಿಮ್ಮ ಮೂಗಿನ ಹೊಳ್ಳೆ, ದೊಡ್ಡಕ್ಕ."
"ಹಾಂ! ಮಗೂಗೆ ದಿನಾ ಕಾಣೋದು ಇದೇ. ಅದಕ್ಕೇ ಅಳುತ್ತೆ."

ಹುಲಿಮರಿಗೆ ಏನು ಕಾಣುತ್ತದೆ? ಯಾರೂ ನೋಡಿಲ್ಲ. ನಾನೂ.

ಮಾರ್ಚ್ 5, ಬೆಳಿಗ್ಗೆ
ಅವಳ ಮಂಚ ಹತ್ತಿ ಮಲಗಿಯೇಬಿಟ್ಟೆ. ಹುಲಿಮರಿ ಅಮ್ಮನ ತೊಡೆಯ ಮೇಲಿಂದ ಕಣ್ಣರಳಿಸಿ ನೋಡಿದಳು. ಸಿರಪ್ ಇರುವ ಬೀರು ತೆಗೆಯಲು ಆಯಾಗೆ ಹೇಳಿದೆ. ಗಾಜಿನ ಬಾಗಿಲು ತಿರುಗಿತು — ಅದರಲ್ಲಿ ಸೂಜಿಗಳ ಟ್ರೇಯ ಪ್ರತಿಬಿಂಬ! ಪರದೆಯ ಹಿಂದೆ ಇಟ್ಟಿದ್ದೇವೆಂದು ನಾವು ನಿಶ್ಚಿಂತೆಯಿಂದಿದ್ದೆವು. ನಿಂತವರಿಗೆ ಕಾಣದು. ಮಲಗಿದವಳಿಗೆ ಗಾಜಿನ ತುಂಬ ಸೂಜಿ.

ಏಳಲು ಹೋದೆ. ಮಂಚದ ಪಕ್ಕದ ಕಂಬಿ ಜಾಮ್, ಇಳಿಯಲೊಲ್ಲದು. ಅಷ್ಟರಲ್ಲಿ ಡಾಕ್ಟರ ರೌಂಡ್ಸ್.
"ಹೊಸ ಅಡ್ಮಿಷನ್ನಾ? ವಯಸ್ಸೆಷ್ಟು?"
"ನಲವತ್ತೆಂಟು, ಡಾಕ್ಟ್ರೇ. ಮೊದ್ಲು ಕಂಬಿ ಇಳ್ಸಿ."
"ದೊಡ್ಡಕ್ಕ ನನ್ನನ್ನೂ ಹೀಗೆ ಮಲಗಿಸ್ದೆ ಬಿಟ್ಟಿರ್ಲಿಲ್ಲ," ಅಂದರು ಡಾಕ್ಟರು. "ಮೊಣಕಾಲಿಂದ ಕೆಳಗೆ ಎಲ್ಲಾ ಹೊರಗೇ ಇತ್ತು."
ಕಂಬಿಗೆ ಆಯಾ ಎಣ್ಣೆ ತಂದಳು. ಹುಲಿಮರಿ ನಕ್ಕಳು. ಇಲ್ಲಿಗೆ ಬಂದಮೇಲೆ ಮೊದಲ ಸಲ.

ಮಾರ್ಚ್ 6
ಟ್ರೇ ಪಕ್ಕದ ಕೋಣೆಗೆ ಹೋಯಿತು. ಬೀರು ತೆಗೆದೆ. ಅವಳು ಗಾಜನ್ನೇ ನೋಡಿದಳು, ತುಂಬ ಹೊತ್ತು. ಈಗ ಅದರಲ್ಲಿ ಬರೀ ಗೋಡೆ.
"ಕಹೀನಾ?"
"ಕಹಿನೇ ಕಣೇ. ಆದ್ರೆ ಚುಚ್ಚಲ್ಲ."
ಕುಡಿದಳು. ಮುಖ ಕಿವುಚಿ, ಒಂದು ಹನಿ ಬಿಡದೆ. ಟ್ಯೂಬ್ ಬೇಡ ಎಂದರು ಡಾಕ್ಟರು. ಅವಳಮ್ಮ ಮತ್ತೆ ಅತ್ತಳು — ಇದು ಬೇರೆ ಅಳು.

ಮಾರ್ಚ್ 7, ಶನಿವಾರ
ಮೈಕ್ ಮುಂದೆ ನಿಂತೆ. ಅದರ ಎತ್ತರ ಸರಿಮಾಡಿದೆ, ಮತ್ತೆ ಸರಿಮಾಡಿದೆ. ಅಮ್ಮನ ಸೊಂಟದ ಮೇಲಿಂದ ಹುಲಿಮರಿ ಕೂಗಿದಳು: "ಈ ಆಂಟಿ ನನ್ ಮಂಚದಲ್ಲಿ ಸಿಕ್ಕಾಕೊಂಡಿದ್ರು!" ಸಭೆ ಬಿದ್ದುಬಿದ್ದು ನಕ್ಕಿತು. ಹೇಳಬೇಕಾದದ್ದೆಲ್ಲ ಆಮೇಲೆ ತಾನಾಗಿ ಬಂತು.

ಫೋಟೊಗೆ ಬಡಗಿ ಎತ್ತರದಲ್ಲಿ ಮೊಳೆ ಹೊಡೆದಿದ್ದ. ತೆಗೆಸಿದೆ. ಈಗ ದೊಡ್ಡಕ್ಕ ಮಂಚದ ಮಟ್ಟದಲ್ಲಿದ್ದಾರೆ. ಹೊಳ್ಳೆ ಕಾಣುವುದಿಲ್ಲ.

ಮಾರ್ಚ್ 9, ಸೋಮವಾರ
ನರ್ಸಿಂಗ್ ಕಲಿಯಲು ಹೊಸ ಹುಡುಗಿಯರು ಬಂದರು. ಸೂಜಿ ಕೊಡಲಿಲ್ಲ. ಮೊದಲನೆಯವಳನ್ನು ಮಂಚಕ್ಕೆ ಹತ್ತಿಸಿದೆ. ಏನು ಕಾಣುತ್ತೆ ಎಂದರೆ, "ಫ್ಯಾನು, ಮೇಡಂ."
ನಾನು ಬಗ್ಗಿದೆ. "ಈಗ?"
ಹುಡುಗಿ ತುಟಿ ಕಚ್ಚಿಕೊಂಡು ನಗು ತಡೆದಳು. ಆಮೇಲೆ — "ನಿಮ್ಮ ಮೂಗಿನ ಹೊಳ್ಳೆ, ಮೇಡಂ."